ಮೇಲಿನಿಂದ ಹಿಡಿದ ತುಕ್ಕು

ಎಪ್ಪತ್ತೆರಡನೆಯ ವಯಸ್ಸಿನಲ್ಲಿ ಶಿವಾನಂದ ಹುಲಕೋಟಿ ಹದಿನೆಂಟು ಅಡಿ ಉದ್ದದ ಕಾರೊಂದನ್ನು ಕೊಂಡು ಲಾರಿಯ ಮೇಲೆ ಹೇರಿಸಿಕೊಂಡು ಬಂದರು. ಹೆಂಡತಿ ರತ್ನಾ ಬಾಗಿಲಲ್ಲೇ ನಿಂತು ಅದನ್ನು ಮೂತಿಯಿಂದ ಬಾಲದವರೆಗೆ ನೋಡಿ, "ಇದನ್ನ ನಿಲ್ಲಸಬೇಕಂದ್ರ ಬಾಜೂ ಮನೀನೂ ತಗೋಬೇಕಾಕ್ಕೇತಲ್ರೀ" ಎಂದರು.

2018ರ ಏಪ್ರಿಲ್ ತಿಂಗಳು. ಕೆನಡಾದ ಪಿಕರಿಂಗಿನ ಆ ಬೀದಿಯಲ್ಲಿ ಹಿಮ ಪೂರ್ತಿ ಕರಗಿರಲಿಲ್ಲ. ಕಾರು 1979ರ ಶೆವರ್ಲೆ ಸ್ಟೇಷನ್ ವ್ಯಾಗನ್ನು. ಎರಡೂ ಪಕ್ಕಕ್ಕೆ ಮರದ ಹಲಗೆ ಬಡಿದಂತೆ ಕಾಣುವ ಪ್ಲಾಸ್ಟಿಕ್ ಹಾಳೆ, ಮುಂದೆ ಮೂರು ಜನ ಒತ್ತಟ್ಟಿಗೆ ಕೂರುವಂಥ ಉದ್ದ ಸೀಟು, ಹಿಂದಿನ ಸೀಟು ಮಡಚಿದರೆ ಒಂದು ಮಂಚ ಹಿಡಿಸುವಷ್ಟು ಬಯಲು. ಬರ್ಲಿಂಗ್ಟನ್ ಆಚೆ ಒಬ್ಬ ರೈತನ ಹುಲ್ಲಿನ ಕೊಟ್ಟಿಗೆಯಲ್ಲಿ ಇಪ್ಪತ್ತೇಳು ವರ್ಷ ಸುಮ್ಮನೆ ನಿಂತಿತ್ತಂತೆ. ಇಂಜಿನ್ನು ಮಾತ್ರ, ಬ್ಯಾಟರಿ ಹಾಕಿ ಎರಡು ಸಲ ಪುಸಲಾಯಿಸಿದ್ದೇ ತಡ, ಕೆಮ್ಮಿ ಎದ್ದು ಕೂತಿತು.

ಯಾಕೆ ಬೇಕಿತ್ತು ಈ ವಯಸ್ಸಿನಲ್ಲಿ ಇದೆಲ್ಲ? ಕೇಳಿದವರಿಗೆಲ್ಲ ಶಿವಾನಂದ ಒಂದೊಂದು ಕಾರಣ ಹೇಳಿದರು. ನಿಜವಾದ ಕಾರಣ ಸಣ್ಣದು. ಗದಗಿನಿಂದ 1974ರಲ್ಲಿ ಈ ದೇಶಕ್ಕೆ ಬಂದಿಳಿದ ವಾರವೇ ಇಂಥದೊಂದು ವ್ಯಾಗನ್ ಹೆದ್ದಾರಿಯಲ್ಲಿ ಅವರ ಬಸ್ಸನ್ನು ದಾಟಿ ಹೋಗಿತ್ತು, ಒಳಗೆ ಐದು ಮಕ್ಕಳು, ಒಂದು ನಾಯಿ, ಒಂದು ಸೈಕಲ್ಲು. ಅಬ್ಬಾ, ಇಷ್ಟು ಜಾಗ ಇಟ್ಟುಕೊಂಡು ಬದುಕಬಹುದೇ ಎಂದು ಬಾಯಿ ಬಿಟ್ಟುಕೊಂಡು ನೋಡಿದ್ದರು. ಆಮೇಲೆ ಕೆಲಸ ಸಿಕ್ಕಿತು, ಮನೆಯಾಯಿತು, ಆದರೆ ಪೆಟ್ರೋಲಿನ ಲೆಕ್ಕ ಹಾಕಿ ಹಾಕಿ ನಲವತ್ತು ವರ್ಷ ಬೆಂಕಿಪೊಟ್ಟಣದಂಥ ಕಾರುಗಳಲ್ಲೇ ಮೊಣಕಾಲು ಮಡಚಿಕೊಂಡು ಓಡಾಡಿದರು. ಇಂಜಿನಿಯರುಗಳ ಹಣೆಬರಹವೇ ಅಷ್ಟು.

ಶಿವಾನಂದರದು ಸಾಮಾನ್ಯ ಇಂಜಿನಿಯರಿಕೆಯೂ ಅಲ್ಲ, ತುಕ್ಕಿನದು. ವಿದ್ಯುತ್ ಸ್ಥಾವರದಲ್ಲಿ ಮೂವತ್ತು ವರ್ಷ ಪೈಪುಗಳಿಗೆ ತುಕ್ಕು ಎಲ್ಲಿ ಹಿಡಿಯುತ್ತದೆ, ಯಾಕೆ ಹಿಡಿಯುತ್ತದೆ ಎಂದು ನೋಡಿದ ಮನುಷ್ಯ. ಅಂಥವರು ವ್ಯಾಗನ್ನಿನ ಹಿಂಬದಿಯ ಚಾಪೆ ಎತ್ತಿದ ದಿನ ಅಲ್ಲೇ ಮಂಡಿಯೂರಿ ಕೂತುಬಿಟ್ಟರು. ನೆಲದ ತಗಡು ತೂತು ತೂತಾಗಿತ್ತು. ಅದೇನೂ ದೊಡ್ಡ ಮಾತಲ್ಲ. ಚಳಿಗಾಲದಲ್ಲಿ ರಸ್ತೆಗೆ ಉಪ್ಪು ಸುರಿಯುವ ಈ ಸೀಮೆಯಲ್ಲಿ ಹಳೆಯ ಕಾರಿಗೆ ತುಕ್ಕು ಹಿಡಿಯದಿದ್ದರೆ ಅದೇ ಸುದ್ದಿ. ಆದರೆ ಉಪ್ಪುನೀರು ಚಕ್ರದಿಂದ ಸಿಡಿಯುತ್ತದೆ, ತುಕ್ಕು ಕೆಳಗಿನಿಂದ ತಿನ್ನುತ್ತ ಮೇಲೆ ಬರುತ್ತದೆ. ಇಲ್ಲಿ ಉಲ್ಟಾ ಆಗಿತ್ತು. ಕಾರಿನ ಅಡಿಯಲ್ಲಿ ತೆವಳಿ ದೀಪ ಹಿಡಿದು ನೋಡಿದರೆ ತೂತಿನ ಅಂಚಿನವರೆಗೂ ಕಪ್ಪು ಬಣ್ಣ ಹೊಸದರ ಹಾಗೆ ಕೂತಿತ್ತು. ತುಕ್ಕು ಮೇಲಿನಿಂದ ಕೆಳಕ್ಕೆ ಇಳಿದಿತ್ತು.

ಇನ್ನೂ ಒಂದು ಸೋಜಿಗವಿತ್ತು. ಎಡಕ್ಕೂ ಬಲಕ್ಕೂ ತಗಡು ಜರಡಿಯಾಗಿದ್ದರೆ, ನಟ್ಟನಡುವೆ ಎರಡಡಿ ಅಗಲದ ಒಂದು ಜಾಗ ಮಾತ್ರ ಗಟ್ಟಿಯಾಗಿ, ಕಾರ್ಖಾನೆಯ ಬಣ್ಣದ ಸಮೇತ ಉಳಿದಿತ್ತು.

"ಕತ್ತರಿಸಿ ಎಸೆಯೋಣ, ಹೊಸ ತಗಡು ಹಾಕೋಣ, ಎರಡು ದಿನದ ಕೆಲಸ" ಎಂದ ಟೋನಿ. ಟೋನಿ ಹಳೆಯ ಕಾರುಗಳ ತಗಡು ಬೆಸೆಯುವುದರಲ್ಲಿ ಪಳಗಿದ ಇಟಲಿಯವ. ನಾಲ್ಕು ಬೀದಿ ಆಚೆ ಅವನ ಶೆಡ್ಡು. ಅಕ್ಟೋಬರ್ ಕೊನೆಗೆ ಶೆಡ್ಡು ಮುಚ್ಚಿ ಮಗಳ ಊರಿಗೆ ಹೋಗುವವನಿದ್ದ. ಇಷ್ಟು ಹಳೆಯ ಗಾಡಿಯ ನೆಲಕ್ಕೆ ಕೈ ಹಾಕುವ ಇನ್ನೊಬ್ಬ ಆಸಾಮಿ ಆ ಸುತ್ತಿನಲ್ಲಿರಲಿಲ್ಲ.

"ಕಾರಣ ತಿಳಿಯೋತನಕ ಕತ್ತರಿಸಂಗಿಲ್ಲ" ಎಂದರು ಶಿವಾನಂದ. ಸ್ಥಾವರದಲ್ಲಿ ಅದೇ ಅವರ ಪಾಠ: ಯಾಕೆ ಕೆಟ್ಟಿತು ಎಂದು ತಿಳಿಯದೆ ರಿಪೇರಿ ಮಾಡಿದರೆ ಅದು ಇನ್ನೊಮ್ಮೆ ಅಲ್ಲೇ ಕೆಡುತ್ತದೆ. ಹೊಸ ತಗಡಿಗೂ ಇದೇ ಗತಿಯಾದರೆ? ಟೋನಿ ಭುಜ ಕುಣಿಸಿ, ಅಕ್ಟೋಬರ್ ದಾಟಿದರೆ ನನ್ನನ್ನು ಕೇಳಬೇಡ ಎಂದ. ರತ್ನಾ ತಮ್ಮ ಕಡೆಯಿಂದ ಇನ್ನೊಂದು ಗಡುವು ಕೊಟ್ಟರು. ಮೊದಲ ಹಿಮ ಬೀಳುವುದರೊಳಗೆ ಅದು ಓಡಬೇಕು, ಇಲ್ಲವೇ ಗುಜರಿಗೆ ಹೋಗಬೇಕು. ಗ್ಯಾರೇಜಿನಲ್ಲಿ ತಮ್ಮ ಕಾರಿಗೆ ಜಾಗ ಬೇಕು.

ಬೇಸಿಗೆಯೆಲ್ಲ ಪತ್ತೇದಾರಿಕೆ ನಡೆಯಿತು. ಮಾಡು ಸೋರುತ್ತದೆಯೇ ಎಂದು ಪೈಪಿನಿಂದ ಒಂದು ತಾಸು ನೀರು ಬಿಟ್ಟು ನೋಡಿದರು, ಒಂದು ಹನಿ ಒಳಗೆ ಬರಲಿಲ್ಲ. ರೈತನಿಗೆ ಫೋನ್ ಮಾಡಿದರೆ, ನಾಯಿ ಸಾಕಿಲ್ಲ, ಮೀನು ಹಿಡಿಯಲು ಹೋಗಿಲ್ಲ, ಒಳಗೆ ಏನೂ ಹೇರಿಲ್ಲ, ನಾನು ಕೊಂಡಾಗಲೇ ಚಾಪೆ ಅಂಟಂಟಾಗಿತ್ತು ಎಂದ. ಹಾಗಾದರೆ ಅವನಿಗಿಂತ ಮೊದಲಿನವರು. ಈಜುಕೊಳದ ಔಷಧಿ ಸಾಗಿಸಿದರೋ? ಬ್ಯಾಟರಿ ಅಂಗಡಿಯವರೋ? ಶಿವಾನಂದ ತುಕ್ಕನ್ನು ಕೆರೆದು ಡಬ್ಬಿಗಳಲ್ಲಿ ತುಂಬಿ ಚೀಟಿ ಅಂಟಿಸಿದರು, ನೋಟ್‌ಬುಕ್ಕಿನಲ್ಲಿ ನಕಾಶೆ ಬರೆದರು. ಊಟಕ್ಕೆ ಕರೆದರೆ "ಹತ್ತ ಮಿನಿಟ" ಎನ್ನುವರು, ಮಿನಿಟಿಗೆ ಅರವತ್ತೇ ಸೆಕೆಂಡು ಎಂಬುದನ್ನೇ ಮರೆಯುವರು.

ಆಗಸ್ಟ್ ಕೊನೆಗೆ ಒಂದು ಸುಳಿವು ಸಿಕ್ಕಿತು. ಎರಡು ತಗಡು ಕೂಡುವ ಗೆರೆಯಲ್ಲಿ ಗಟ್ಟಿಯಾದ ಹಳೆಯ ಅಂಟನ್ನು ಕೆತ್ತುವಾಗ ಹತ್ತಾರು ಕರಿ ಕಣಗಳು ಉದುರಿದವು. ಅವರು ಭೂತಗನ್ನಡಿ ಹಿಡಿದು ನೋಡಿ, 'ಗೋಲಾಕಾರದ ಕಣಗಳು, ಸುಮಾರು ಒಂದೂವರೆ ಮಿಲಿಮೀಟರ್, ಮೇಲ್ಮೈ ಒಡೆದಿದೆ, ಆಯಸ್ಕಾಂತಕ್ಕೆ ಅಂಟುವುದಿಲ್ಲ' ಎಂದು ಬರೆದುಕೊಂಡರು. ಬೆಸುಗೆಯ ಕಿಡಿಯಾಗಿದ್ದರೆ ಅಂಟಬೇಕಿತ್ತು. ಮೂರು ದಿನ ತಲೆ ಕೆರೆದುಕೊಂಡರು. ನಾಲ್ಕನೆಯ ದಿನ ಆ ಕಣಗಳನ್ನು ತುಂಬಿದ ಶೀಷೆಯನ್ನು ಅಡುಗೆಮನೆಯ ಮೇಜಿನ ಮೇಲಿಟ್ಟು ಚಹಾ ಕುಡಿಯುತ್ತಿರುವಾಗ ರತ್ನಾ ಅದನ್ನೆತ್ತಿ ಅಲ್ಲಾಡಿಸಿದರು. ಒಂದು ಕಾಳನ್ನು ಅಂಗೈಗೆ ಹಾಕಿಕೊಂಡು ಉಗುರಿನಿಂದ ಒತ್ತಿದರು.

"ಸಾಸಿವಿ" ಎಂದರು.

"ಏನ?"

"ಸಾಸಿವಿ ರೀ, ಸಾಸಿವಿ! ಹಸೀದಲ್ಲ, ಒಗ್ಗರಣ್ಯಾಗ ಸಿಡಿದದ್ದು. ಐವತ್ತು ವರ್ಷ ದಿನಾ ಎರಡ ಹೊತ್ತು ತಿಂತೀರಿ, ಗೊತ್ತಾಗಲಿಲ್ಲೇನ ನಿಮಗ?" ರತ್ನಾ ನಕ್ಕು ನಕ್ಕು ಕುರ್ಚಿ ಹಿಡಿದುಕೊಂಡರು. ನಗು ನಿಂತ ಮೇಲೆ ಅವರೇ ಮುಂದುವರಿಸಿದರು. "ಸಾರು ಚೆಲ್ಲೇತಿ ಅಲ್ಲೆ. ಒಂದ ಸಲ ಅಲ್ಲ, ಸಾವಿರ ಸಲ. ಹುಣಸಿಹುಳಿ, ಉಪ್ಪು. ತಾಮ್ರದ ಕೊಡ ಹೊಳಿಯೂಹಂಗ ತಿಕ್ಕೋದು ಅದರಾಗ ಅಲ್ಲೇನು? ನಿಮ್ಮ ತಗಡ ಎಷ್ಟ ದಿನ ತಡೀತೇತಿ?"

ಶಿವಾನಂದರಿಗೆ ನಾಚಿಕೆಯೂ ಆಯಿತು, ಖುಷಿಯೂ ಆಯಿತು. ಎಲ್ಲ ಸರಿಹೊಂದುತ್ತಿತ್ತು. ಆದರೆ ಒಗ್ಗರಣೆ ಹಾಕಿದ ಸಾರನ್ನು ಪಾತ್ರೆಗಟ್ಟಲೆ ಈ ಕಾರಿನಲ್ಲಿ ಸಾಗಿಸಿದವರು ಯಾರು? ನಮ್ಮ ಕಡೆಯವರೇ ಇರಬೇಕು! ಆ ಕಾಲದಲ್ಲಿ ಟೊರೊಂಟೊದಲ್ಲಿದ್ದ ಕನ್ನಡದವರೆಲ್ಲ ಅವರಿಗೆ ಗೊತ್ತು. ಎಂಟು ವರ್ಷ ಕನ್ನಡ ಸಂಘದ ಸೆಕ್ರೆಟರಿಯಾಗಿದ್ದವರು. ಡಾಕ್ಟರುಗಳು, ಇಂಜಿನಿಯರುಗಳು, ಪ್ರೊಫೆಸರುಗಳು, ಬೆರಳಿನ ಮೇಲೆ ಎಣಿಸಿದರು. ಯಾರ ಹತ್ತಿರವೂ ಇಂಥ ವ್ಯಾಗನ್ ಇರಲಿಲ್ಲ.

"ಕಾಗದ ನೋಡ್ರಲ್ಲಾ" ಎಂದರು ರತ್ನಾ.

"ಯಾವ ಕಾಗದ?"

ಒಂಟಾರಿಯೋ ಪ್ರಾಂತ್ಯದಲ್ಲಿ ಹಳೆಯ ಗಾಡಿ ಮಾರುವವರು ಕೊಳ್ಳುವವರಿಗೆ ಒಂದು ಕಾಗದದ ಕಟ್ಟು ಕೊಡಬೇಕು. ಗಾಡಿ ಯಾರ ಯಾರ ಕೈ ದಾಟಿ ಬಂತೆಂಬ ಪಟ್ಟಿ ಅದರಲ್ಲಿರುತ್ತದೆ. ರೈತ ಕೊಟ್ಟದ್ದನ್ನು ಶಿವಾನಂದ ಬಿಚ್ಚಿಯೂ ನೋಡದೆ ರತ್ನಾರ ಕೈಗಿಟ್ಟಿದ್ದರು, ರತ್ನಾ ಫೈಲಿಗೆ ಹಾಕಿದ್ದರು. ನಾಲ್ಕು ತಿಂಗಳು ತುಕ್ಕು ಕೆರೆದ ಮಹಾನುಭಾವರಿಗೆ ಒಂದು ಹಾಳೆ ಓದಬೇಕೆಂದು ಹೊಳೆದಿರಲಿಲ್ಲ. ರತ್ನಾ ಕನ್ನಡಕ ಏರಿಸಿ ಓದಿದರು. "ಶೇಖಪ್ಪ ಕುಂದಗೋಳ, ಟೊರೊಂಟೊ. ಎಂಬತ್ತಮೂರರಿಂದ ತೊಂಬತ್ತೊಂದು."

ಶಿವಾನಂದ ಆ ಹಾಳೆಯನ್ನು ಇಸಿದುಕೊಂಡು ತಾವೇ ಓದಿದರು. ಶೇಖಪ್ಪ ಅವರ ಸಂಘದ ಅಡುಗೆಯವನು. ವಾರವೆಲ್ಲ ಯಾವುದೋ ಕಾರ್ಖಾನೆಯ ಕ್ಯಾಂಟೀನಿನಲ್ಲಿ ದುಡಿದು, ಹಬ್ಬದ ದಿನ ಇವರಿಗೆ ಊಟ ತರುತ್ತಿದ್ದವನು. ಎಷ್ಟೋ ಹಬ್ಬ ಅವನ ಕೈಯಡುಗೆ ಉಂಡಿದ್ದರು. ಊಟ ಯಾವ ಗಾಡಿಯಲ್ಲಿ ಬಂತು ಎಂದು ಹಾಲ್‌ನಿಂದ ಹೊರಗೆ ಹೋಗಿ ನೋಡಿದವರು ಒಬ್ಬರೂ ಇರಲಿಲ್ಲ. ಬೆರಳೆಣಿಕೆಯಲ್ಲಿ ಅವನ ಹೆಸರೇ ಬಂದಿರಲಿಲ್ಲ.

ಮತ್ತೊಂದು ದಿನವೂ ನೆನಪಾಯಿತು, ಬೇಡವೆಂದರೂ. ಎಂಬತ್ತೇಳರ ಯುಗಾದಿ. ಶಾಲೆಯೊಂದರ ಹಾಲ್‌ನಲ್ಲಿ ಇನ್ನೂರು ಜನ ಪಂಕ್ತಿ ಹಾಕಿ ಕೂತು ಕಾಯುತ್ತಿದ್ದರು. ಊಟ ಒಂದೂವರೆ ತಾಸು ತಡವಾಗಿ ಬಂತು. ಹೋಳಿಗೆ ಇತ್ತು, ಸಾರು ತಳದಲ್ಲಿ ನಾಲ್ಕು ಸೌಟು. ಸೆಕ್ರೆಟರಿ ಸಾಹೇಬರ ಪಿತ್ತ ನೆತ್ತಿಗೇರಿತ್ತು. ಅದರ ಮೇಲೆ ಶೇಖಪ್ಪನ ಕಡೆಯ ಒಬ್ಬ ಹೆಂಗಸು ಬಂದು ಅವರ ಎಲೆಗೆ ಎಡಗೈಯಿಂದ ಹೋಳಿಗೆ ಬಡಿಸಿದಳು. ವರ್ಷದ ಮೊದಲ ದಿನ, ಎಡಗೈಯಲ್ಲಿ! "ಇದ ಯಾವ ಊರ ಪದ್ಧತಿ?" ಎಂದು ಕೂಗಾಡಿ, ಹೋಳಿಗೆ ಮುಟ್ಟದೆ ಎದ್ದು, ಇನ್ನೂರು ಜನರ ಎದುರು ಶೇಖಪ್ಪನಿಗೆ, ಇನ್ನು ಮುಂದೆ ನಿನ್ನ ಅಡುಗೆ ಬೇಡ ಎಂದಿದ್ದರು. ಶೇಖಪ್ಪ "ತಪ್ಪಾತ್ರಿ" ಎಂದು ಕೈ ಮುಗಿದಿದ್ದ. ಅಷ್ಟೇ. ಮುಂದಿನ ಹಬ್ಬಕ್ಕೆ ಬೇರೆಯವರು ಬಂದರು.

ಶಿವಾನಂದ ಗ್ಯಾರೇಜಿಗೆ ಹೋಗಿ ಮತ್ತೆ ನೆಲ ನೋಡಿದರು. ಎಡಕ್ಕೊಂದು ಪಾತ್ರೆ, ಬಲಕ್ಕೊಂದು ಪಾತ್ರೆ, ಸರಿ. ನಡುವಿನ ಎರಡಡಿ ಜಾಗದಲ್ಲಿ ಸಾರು ಬಿದ್ದಿಲ್ಲವೆಂದರೆ ಅಲ್ಲಿ ಪ್ರತಿ ಸಲವೂ ಏನೋ ಇರುತ್ತಿತ್ತು. ಅಥವಾ ಯಾರೋ. ಈಗ ಅವರಿಗೆ ತಿಳಿಯಬೇಕಾದ ಕಾರಣ ತಗಡಿನದಾಗಿ ಉಳಿದಿರಲಿಲ್ಲ. ಆ ದಿನ ತಾನು ಬೈದದ್ದು ಸರಿಯೋ ತಪ್ಪೋ ಎಂಬುದಾಗಿತ್ತು, ಮತ್ತು ಅದನ್ನು ತಿಳಿಯುವುದಕ್ಕೆ ಅವರಿಗೆ ಹೆದರಿಕೆಯಾಯಿತು.

ರತ್ನಾ ಹಳೆಯ ಗೆಳತಿ ಜಯಶೀಲಾಗೆ ಫೋನ್ ಹಚ್ಚಿ ವಿಳಾಸ ತೆಗೆದರು. ಶೇಖಪ್ಪ ತೀರಿಕೊಂಡು ಒಂಬತ್ತು ವರ್ಷ. ಹೆಂಡತಿ ಸುಮಿತ್ರಮ್ಮ ಟೊರೊಂಟೊದ ಥಾರ್ನ್‌ಕ್ಲಿಫ್ ಪಾರ್ಕಿನ ಅಪಾರ್ಟ್‌ಮೆಂಟಿನಲ್ಲಿ ಮಗನ ಜೊತೆ ಇದ್ದಾರೆ. "ನಾಳೆ ಹೋಗಿಬರೂಣು" ಎಂದರು ರತ್ನಾ. "ನೋಡೂಣು" ಎಂದು ಶಿವಾನಂದ ಎರಡು ವಾರ ತಳ್ಳಿದರು. ಸೆಪ್ಟೆಂಬರಿನ ಒಂದು ಭಾನುವಾರ ರತ್ನಾ ಗಂಡನಿಗೆ ಚಪ್ಪಲಿ ತೊಡಿಸುವುದೊಂದು ಬಾಕಿ, ಎಬ್ಬಿಸಿಕೊಂಡು ಹೊರಟರು.

ಹದಿನಾಲ್ಕನೆಯ ಮಹಡಿ. ಕಾರಿಡಾರಿನ ತುಂಬ ಯಾರದೋ ಮನೆಯ ಬಿರಿಯಾನಿಯ ವಾಸನೆ. ಬಾಗಿಲು ತೆಗೆದ ಸಣ್ಣ ಗಾತ್ರದ ಮುದುಕಿ ಇವರನ್ನು ಒಂದು ಗಳಿಗೆ ನೋಡಿ, "ಸೆಕ್ರೆಟರಿ ಸಾಹೇಬ್ರು!" ಎಂದರು. ಸಿಟ್ಟಿಲ್ಲ, ಆಶ್ಚರ್ಯ ಮಾತ್ರ.

ಶಿವಾನಂದ ನೇರ ವಿಷಯಕ್ಕೆ ಬರಲಾರದೆ ಗಾಡಿಯ ಮಾತೆತ್ತಿದರು. ಸುಮಿತ್ರಮ್ಮನ ಮುಖ ಅರಳಿತು.

"ಅಯ್ಯ, ಅದು ಇನ್ನೂ ಐತೇನ್ರಿ? ಹಿಂದಿನ ಗಾಜು ಇಳೀತೇತೇನು? ನಮ್ಮ ಕಾಲದಾಗ ಅರ್ಧಕ್ಕ ನಿಂದರ್ತಿತ್ತು. ನಮ್ಮನಿಯವ್ರು ಒಂದ ಗುದ್ದು ಕೊಟ್ರ ಇಳೀತಿತ್ತು."

"ಈಗೂ ಅರ್ಧಕ್ಕ ನಿಂದರ್ತೇತ್ರಿ" ಎಂದರು ಶಿವಾನಂದ. "ಗುದ್ದಬೇಕಂತ ಗೊತ್ತಿರಲಿಲ್ಲ."

ಸುಮಿತ್ರಮ್ಮ ಒಳಗೆ ಹೋಗಿ ಚಹಾ ತಂದರು. ಟ್ರೇಯನ್ನು ಎಡಗೈ ಹಿಡಿದಿತ್ತು, ಅದರ ಇನ್ನೊಂದು ಅಂಚು ಬಲಗೈಯ ಮಣಿಕಟ್ಟಿನ ಮೇಲೆ ಸುಮ್ಮನೆ ಆನಿಕೊಂಡಿತ್ತು. ಆ ಕೈಯ ಬೆರಳುಗಳು ಒಳಕ್ಕೆ ಮಡಚಿಕೊಂಡೇ ಇದ್ದವು. ಮೊಣಕೈಯಿಂದ ಕೆಳಗೆ ಚರ್ಮ ನುಣ್ಣಗೆ, ಬೇರೆ ಬಣ್ಣದಲ್ಲಿ ಹೊಳೆಯುತ್ತಿತ್ತು. ಹಾಳಾದದ್ದನ್ನು ನೋಡಿ ಕಾರಣ ಹೇಳುವುದೇ ಮೂವತ್ತು ವರ್ಷ ಕಸುಬಾಗಿದ್ದವರಿಗೆ ಇದನ್ನು ಯಾರೂ ಬಿಡಿಸಿ ಹೇಳಬೇಕಿರಲಿಲ್ಲ. ಆದರೂ ಕೇಳಿದರು.

"ಹಿಂದ, ಪಾತ್ರಿಗಳ ನಡುವ ಯಾರೋ ಕುಂದರ್ತಿದ್ರು. ಯಾರ್ರಿ ಅದು?"

"ನಿಮಗ ಹೆಂಗ ಗೊತ್ತಾತ್ರಿ?"

"ಅಷ್ಟ ಜಾಗಾದಾಗ ತುಕ್ಕ ಹಿಡಿದಿಲ್ರಿ."

ಸುಮಿತ್ರಮ್ಮ ಬಾಯಿಗೆ ಸೆರಗು ಹಿಡಿದು ನಕ್ಕರು. "ನಾನ ರೀ. ಚೀಲ ಹಾಸಿಕೊಂಡು ಕುಂದರ್ತಿದ್ದೆ. ಈ ಕಡೆ ಸಾರು, ಆ ಕಡೆ ಹುಳಿ, ಎರಡೂ ಕೈಲೆ ತಬ್ಬಿ ಹಿಡಕೊಂಡು. ಮುಂದಿನ ಸೀಟಿನ್ಯಾಗ ಹೋಳಿಗಿ ಡಬ್ಬಿ ಇರ್ತಿದ್ವು, ಒತ್ತಿದ್ರ ಹರೀತಾವಲ್ರಿ."

"ಎಂಬತ್ತೇಳರ ಯುಗಾದಿ ದಿನ..." ಎಂದು ಶಿವಾನಂದ ಮಾತು ತೆಗೆದರು.

"ಅವತ್ತ ಮಳಿ ಬಿದ್ದದ್ದು ಹಂಗ ರೋಡಿನ ಮ್ಯಾಲೆ ಹೆಪ್ಪುಗಟ್ಟಿ ಗಾಜಿನಂಗ ಆಗಿತ್ರಿ" ಎಂದರು ಸುಮಿತ್ರಮ್ಮ, ಯಾರದೋ ಮನೆಯ ಸುದ್ದಿ ಹೇಳುವವರ ಹಾಗೆ. "ಟ್ರಕ್ಕು ಅಡ್ಡ ಬಂತು, ಇವ್ರು ಬ್ರೇಕ್ ಒತ್ತಿದ್ರು. ಸಾರು ಕುದಿ ಇನ್ನೂ ಆರಿರಲಿಲ್ಲ. ಕೈ ಬಿಟ್ಟಿದ್ರ ಕೈ ಉಳೀತಿತ್ತು. ಇನ್ನೂರ ಮಂದಿ ಏನ ಉಣ್ಣಬೇಕಂತ ನಾ ತಬ್ಬಿ ಹಿಡದೆ. ಆದ್ರೂ ಹೋತು. ರೋಡ್ ಬಾಜೂ ಹಿಮದಾಗ ಕೈ ಹುಗಿದು ಒಂದ ತಾಸ ಕುಂತೆ. ಇವ್ರು ದವಾಖಾನಿಗೆ ನಡಿ ಅಂದ್ರು. ಮೊದ್ಲ ಬಡಿಸಿ ಬರೂಣು, ಹಬ್ಬದ ಪಂಕ್ತಿ ಕಾಯಾಕತ್ತೇತಿ ಅಂದೆ."

"ಒಂದ ಮಾತ ಹೇಳಬಾರದಾಗಿತ್ತೇನ್ರಿ?" ರತ್ನಾ ಕಣ್ಣೊರೆಸಿಕೊಂಡರು.

"ವರ್ಷದ ಮೊದಲ ತುತ್ತು ಬಾಯಿಗಿಡೂ ಮುಂದ ಸುಟ್ಟ ಸುದ್ದಿ ಹೇಳ್ತಾರೇನ್ರಿ ಅಕ್ಕಾರ? ಯಾರಿಗೆ ಇಳೀತೇತಿ ಅನ್ನ? ಅದಕ್ಕ ಸೆರಗಿನಾಗ ಮುಚ್ಚಿಕೊಂಡು ಈ ಕೈಲೆ ಬಡಿಸಿದೆ."

"ನಾನು ಊಟ ಬಿಟ್ಟು ಎದ್ದೆ" ಎಂದರು ಶಿವಾನಂದ.

"ಹೌದ್ರಿ. ನೀವೊಬ್ರ ಎದ್ರಿ. ಉಳದವ್ರು ಉಂಡ್ರು."

ಅದರಲ್ಲಿ ಕುಟುಕಿರಲಿಲ್ಲ, ಸಮಾಧಾನವೂ ಇರಲಿಲ್ಲ. ಇದ್ದದ್ದು ಇದ್ದ ಹಾಗೆ. ಶಿವಾನಂದರಿಗೆ ಜೀವಮಾನದಲ್ಲಿ ಅಷ್ಟು ನಾಚಿಕೆ ಯಾವತ್ತೂ ಆಗಿರಲಿಲ್ಲ. ಪೈಪಿನ ಕೂದಲೆಳೆಯಂಥ ಬಿರುಕಿಗೂ ಕಾರಣ ಕೇಳದೆ ಬಿಡದಿದ್ದ ಮನುಷ್ಯ ಆ ದಿನ, ಯಾಕವ್ವಾ ಎಡಗೈಲಿ ಬಡಿಸ್ತಿ ಎಂಬ ಒಂದು ಪ್ರಶ್ನೆ ಕೇಳಿರಲಿಲ್ಲ. ಅವರು ಎದ್ದು ನಿಂತು ಕೈ ಮುಗಿದರು. "ತಪ್ಪಾತ್ರಿ ಸುಮಿತ್ರಮ್ಮ. ದೊಡ್ಡ ತಪ್ಪು ಮಾಡೇನಿ. ಶೇಖಪ್ಪಗ ಹೇಳಬೇಕಾಗಿತ್ತು, ಅವ ಇಲ್ಲ."

ಸುಮಿತ್ರಮ್ಮ ಅವರ ಕಪ್ಪನ್ನು ಎಡಗೈಯಿಂದ ಮುಂದಕ್ಕೆ ಸರಿಸಿದರು. ಆಮೇಲೆ, "ಕುಂದರ್ರಿ, ಚಹಾ ಆರತೇತಿ" ಎಂದರು. ಇವರು ಚಹಾ ಕುಡಿದು ಮುಗಿಸಿದ ಮೇಲೆ ಬಾಗಿಲ ತನಕ ಬಂದು, ಚಪ್ಪಲಿ ಮೆಟ್ಟುವಾಗ ಕೇಳಿದರು. "ಸಾಹೇಬ್ರ, ಗಾಡಿ ರಿಪೇರಿ ಆದಮ್ಯಾಲೆ ಒಂದ ಸಲ ಇತ್ತಾಗ ತರ್ರಿ. ಎಂಟ ವರ್ಷ ಅದರಾಗ ಅಡ್ಡಾಡೇನಿ, ಒಂದ ದಿನಾನೂ ಮುಂದ ಕುಂತಿಲ್ಲ. ಮುಂದಿಂದ ರೋಡ್ ಹೆಂಗ ಕಾಣತೇತೋ ನೋಡಬೇಕು."

ಮರುದಿನ ಬೆಳಿಗ್ಗೆಯೇ ಶಿವಾನಂದ ಟೋನಿಯ ಶೆಡ್ಡಿನಲ್ಲಿದ್ದರು. ಕಾರಣ ಸಿಕ್ಕಿತೇ ಎಂದು ಅವನು ನಗುತ್ತ ಕೇಳಿದ. ಇವರು ಪೂರ್ತಿ ಹೇಳಿದರು. ನಗುತ್ತಿದ್ದವನು ನಡುವೆ ನಗು ನಿಲ್ಲಿಸಿ, ಕೈಗವಸು ತೆಗೆದು, ಕೊನೆಯವರೆಗೂ ಕೇಳಿದ. ಎಡದ ತಗಡು, ಬಲದ ತಗಡು ಕತ್ತರಿಸಿ ಹೊಸದು ಹಾಕಿದ. ನಡುವಿನದನ್ನು ಮುಟ್ಟಲಿಲ್ಲ. ಗಟ್ಟಿ ಇರುವುದನ್ನು ಯಾಕೆ ಕತ್ತರಿಸಬೇಕು ಎಂದು ಇಬ್ಬರಿಗೂ ಅನಿಸಿತು.

ಅಕ್ಟೋಬರ್ ಎರಡನೆಯ ಶನಿವಾರ, ಬಿಸಿಲು ಬಿದ್ದ ಮುಂಜಾನೆ, ವ್ಯಾಗನ್ ಥಾರ್ನ್‌ಕ್ಲಿಫ್ ಪಾರ್ಕಿನ ಅಪಾರ್ಟ್‌ಮೆಂಟಿನ ಮುಂದೆ ಬಂದು ನಿಂತಿತು. ಆಟವಾಡುತ್ತಿದ್ದ ಮಕ್ಕಳೆಲ್ಲ ಮುತ್ತಿಕೊಂಡರು. ಸುಮಿತ್ರಮ್ಮ ಇಳಕಲ್ ಸೀರೆ ಉಟ್ಟು ಬಂದಿದ್ದರು. ರತ್ನಾ ತಾವಾಗಿಯೇ ಇಳಿದು ಹಿಂದೆ ಹೋದರು. ಶಿವಾನಂದ ಮುಂದಿನ ಬಾಗಿಲು ತೆಗೆದು ಹಿಡಿದರು, ಸೀಟ್ ಬೆಲ್ಟನ್ನು ತಾವೇ ಎಳೆದು ಕೊಟ್ಟರು.

"ಏನ ಅಗಲ ಐತ್ರೀ ಇಲ್ಲೆ!" ಎಂದರು ಸುಮಿತ್ರಮ್ಮ. ಹೆದ್ದಾರಿಗೆ ಇಳಿದ ಮೇಲೆ ಕಣಿವೆಯ ಎರಡೂ ಬದಿಗೆ ಮರಗಳು ಕೆಂಪಗೆ, ಹಳದಿಯಾಗಿ ನಿಂತಿದ್ದವು. ಅವರು ಪ್ರಶ್ನೆಯ ಮೇಲೆ ಪ್ರಶ್ನೆ ಕೇಳಿದರು. ಆ ಮುಳ್ಳು ಏನು ತೋರಿಸುತ್ತದೆ, ಈ ಗುಂಡಿ ಒತ್ತಿದರೆ ಏನಾಗುತ್ತದೆ, ಮುಂದೆ ಕೂತವರಿಗೆ ಮೊದಲೇ ಎಲ್ಲ ಕಾಣಿಸುತ್ತದಲ್ಲ, ಹಾಗಿದ್ದರೆ ಆ ದಿನ ತಮ್ಮ ಮನೆಯವರಿಗೆ ಆ ಟ್ರಕ್ಕು ಎಷ್ಟು ದೂರದಿಂದ ಕಂಡಿರಬೇಕು. ಶಿವಾನಂದ ತಿಳಿದದ್ದಕ್ಕೆಲ್ಲ ಉತ್ತರ ಹೇಳಿದರು.

ಹೆದ್ದಾರಿ ಬಿಟ್ಟು ಊರೊಳಗೆ ಬಂದಾಗ ಸಿಗ್ನಲ್ ಕೆಂಪಾಯಿತು. ಶಿವಾನಂದ ಆದಷ್ಟು ಮೆತ್ತಗೆ ಬ್ರೇಕ್ ಒತ್ತಿದರು. ಆದರೂ ಭಾರದ ಗಾಡಿ, ಒಂದಿಷ್ಟು ಮುಂದಕ್ಕೆ ಜೋಲಿ ಹೊಡೆಯಿತು. ಸುಮಿತ್ರಮ್ಮನ ಎರಡೂ ಕೈ ತಟ್ಟನೆ ಎರಡೂ ಪಕ್ಕಕ್ಕೆ ಚಾಚಿ, ಬಳಸಿ, ಗಟ್ಟಿಯಾಗಿ ಹಿಡಿದು ನಿಂತವು. ಎಡಗೈ ಶಿವಾನಂದರ ತೋಳಿಗೆ ಬಡಿಯಿತು, ಮಡಚಿದ ಬೆರಳಿನ ಬಲಗೈ ಬಾಗಿಲಿಗೆ.

ಸುಮಿತ್ರಮ್ಮ ತಮ್ಮ ಕೈಗಳನ್ನು ತಾವೇ ನೋಡಿಕೊಂಡರು. "ಅಯ್ಯ, ಪಾತ್ರಿನ ಇಲ್ಲ!" ಎಂದು ನಕ್ಕರು.

ಶಿವಾನಂದರಿಗೆ ನಗಲಾಗಲಿಲ್ಲ. ಸಿಗ್ನಲ್ ಹಸಿರಾಯಿತು, ಅವರಿಗೆ ಕಾಣಲಿಲ್ಲ, ಕಣ್ಣಿನ ತುಂಬ ನೀರಿತ್ತು. ಹಿಂದಿನ ಕಾರುಗಳು ಒಂದಾದ ಮೇಲೊಂದು ಹಾರನ್ ಹೊಡೆಯತೊಡಗಿದವು.

"ನಡೀರಿ ಸಾಹೇಬ್ರ" ಎಂದರು ಸುಮಿತ್ರಮ್ಮ, "ತಡಾ ಆದ್ರ ಬೈತಾರ."